ಬಂಡೆಯೊಳಗಿನ ಆಕಳು

ಧಾರವಾಡದ ಕಡೆಯಿಂದ ಒಬ್ಬ ಚಿತ್ರಕಲೆಯ ಮಾಸ್ತರರು ಒಮ್ಮೆ ನಮ್ಮ ಕಿನ್ನಾಳದ ಮನೆಗೆ ಬಂದಿದ್ದರು. ನಮ್ಮ ದೊಡ್ಡವ್ವ ಹುಲಿಗವ್ವ, ಅಂದರೆ ನನ್ನ ದೊಡ್ಡಪ್ಪ ಗ್ಯಾನಪ್ಪನ ಹೆಂಡತಿ, ಹರೆಯದಲ್ಲಿ ಪರದೇಶದ ಒಂದು ಎಣ್ಣೆಬಣ್ಣದ ಚಿತ್ರವನ್ನು ನೋಡಿ ನೋಡಿ ಅದರಂತೆಯೇ ಇನ್ನೊಂದನ್ನು ಬರೆದಿದ್ದಳೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅದರಲ್ಲಿ ಏನೇನಿತ್ತು ಎಂದು ಮಾಸ್ತರರು ಕೇಳಿದರು. ಎಡಕ್ಕೊಂದು ದೊಡ್ಡ ಕರಿ ಗಿಡ, ನಡುವೆ ಹೊಳೆ, ಹೊಳೆಗೊಂದು ಮುರುಕು ಸೇತುವೆ, ಹಿಂದೆ ನೀಲಿ ಗುಡ್ಡ, ಮೇಲೆಲ್ಲ ಅರಿಷಿಣ ಕಲಸಿದಂಥ ಆಕಾಶ ಎಂದು ದೊಡ್ಡವ್ವ ಹೇಳಿದಳು. ಮಾಸ್ತರರ ಮುಖ ಅರಳಿತು.

"ಅದು ಬರೋಕ್ ಅಜ್ಜಿ, ಬರೋಕ್. ಮುನ್ನೂರು ವರ್ಷದ ಹಿಂದಿನ ಯುರೋಪಿನ ಚಿತ್ರಪದ್ಧತಿ."

ದೊಡ್ಡವ್ವನಿಗೆ ಕಿವಿ ಸ್ವಲ್ಪ ಮಂದ. "ಬರಾಕ? ಯಾರು ಬರಾಕ?" ಎಂದು ಕೇಳಿದಳು. ಮಾಸ್ತರರು ಮತ್ತೊಮ್ಮೆ ಬಿಡಿಸಿ ಹೇಳಿದರು. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. "ಖರೇ ಐತ್ರಿ ಮಾಸ್ತರ. ಆಕಳ ಬರಾಕ ಹತ್ತಿತ್ತು. ನಾ ಅದನ್ನ ಕಲ್ಲು ಅಂತ ತಿಳಕೊಂಡಿದ್ದೆ."

ಮಾಸ್ತರರಿಗೆ ತಲೆಬುಡ ತಿಳಿಯಲಿಲ್ಲ. ಅಜ್ಜಿಗೆ ಅರಳುಮರುಳು ಎಂದುಕೊಂಡು ಚಹಾ ಕುಡಿದು ಹೋದರು. ಎರಡು ತಾಸು ಕೂತಿದ್ದರೆ ಪೂರ್ತಿ ಕತೆ ಕೇಳಿಕೊಂಡು ಹೋಗಬಹುದಿತ್ತು. ಓದಿದವರಿಗೆ ಬಸ್ಸಿನ ಚಿಂತೆ ಜಾಸ್ತಿ. ಅವರು ಬಿಟ್ಟು ಹೋದದ್ದನ್ನು ನಾನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ರೀತಿ ಹೇಳಬೇಕು. ಕಿನ್ನಾಳವೆಂದರೆ ಬಣ್ಣದ ಗೊಂಬೆ, ಮಕ್ಕಳ ಆಟಿಕೆ ಎಂದು ತಿಳಿದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮಜ್ಜ ಕಳಕಪ್ಪ ಮಾಡುತ್ತಿದ್ದದ್ದು ಗುಡಿಗೆ ಹೋಗುವ ಗರುಡ, ಮೆರವಣಿಗೆಗೆ ಹೋಗುವ ದೇವಿ, ಬಾಣಂತಿಯ ಮನೆಗೆ ಹೋಗುವ ತೊಟ್ಟಿಲು. ಮರ ಕೆತ್ತುವುದು ಗಂಡಸರ ಕೆಲಸ. ಹುಣಸೆ ಬೀಜ ನೆನೆಹಾಕಿ ಅರೆದು ಅಂಟು ಕುದಿಸುವುದು, ಬಿಳಿಕಲ್ಲಿನ ಹಿಟ್ಟು ಜರಡಿ ಹಿಡಿಯುವುದು, ಅದನ್ನು ಬಳಿದು ಒಣಗಿಸಿ ಕೈಗೆ ಗಾಜಿನಂತೆ ಹತ್ತುವವರೆಗೆ ತಿಕ್ಕುವುದು, ಬಣ್ಣ ಅರೆಯುವುದು, ಇವೆಲ್ಲ ಹೆಂಗಸರ ಪಾಲು. ದೊಡ್ಡವ್ವ ಮದುವೆಯಾಗಿ ಬಂದ ವರ್ಷದಿಂದ ಇದನ್ನೇ ಮಾಡಿದಳು. ದೊಡ್ಡ ದೊಡ್ಡ ಜಾಗಕ್ಕೆ ಬಣ್ಣ ತುಂಬಲಿಕ್ಕೂ ಅವಳ ಕೈಗೆ ಕುಂಚ ಬರುತ್ತಿತ್ತು. ಕಣ್ಣು ಬರೆಯುವ ಹೊತ್ತಿಗೆ ಮಾತ್ರ ಕುಂಚ ಹೊರಟುಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಅದಕ್ಕೆ ಕಣ್ಣು ತೆರೆಯುವುದು ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಕಡೆಯ ಕೆಲಸ ಅದು. ಅಜ್ಜ ಬೆಳಿಗ್ಗೆ ಮೈ ತೊಳೆದುಕೊಂಡು, ಏನೂ ತಿನ್ನದೆ, ಅಳಿಲಿನ ಬಾಲದ ಕೂದಲಿನ ಹೊಸ ಕುಂಚ ಕಟ್ಟಿಕೊಂಡು ಕೂರುತ್ತಿದ್ದ. ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಬಿದ್ದರೆ ಆ ಮನೆಗೆ ಕೇಡು ಎಂದು ನಂಬಿಕೆ. ಅದಕ್ಕೆ ಮೂರ್ತಿಯ ಎದುರು ಒಬ್ಬರು ಕನ್ನಡಿ ಹಿಡಿಯಬೇಕು. ಬರೆಯುವವರು ಪಕ್ಕಕ್ಕೆ ಕೂತು ಕನ್ನಡಿಯೊಳಗೆ ನೋಡಿಕೊಂಡೇ ಬರೆಯಬೇಕು. ಹಿಡಿದವರು ಮುಖ ಅತ್ತ ತಿರುಗಿಸಿಕೊಂಡಿರಬೇಕು. ಕನ್ನಡಿ ಹಿಡಿಯುವುದು ಸೊಸೆಯ ಕೆಲಸ. ಮನೆಯಿಂದ ಹೋದ ಅಷ್ಟೂ ದೇವರುಗಳಿಗೆ ದೊಡ್ಡವ್ವ ಕನ್ನಡಿ ಹಿಡಿದಳು, ಒಂದು ಕಣ್ಣು ತೆರೆದದ್ದನ್ನೂ ನೋಡಲಿಲ್ಲ. ರಟ್ಟೆ ಸೋತು ಬಂದಾಗ ಗೋಡೆಯನ್ನು ನೋಡುತ್ತಲೇ ಕೇಳುತ್ತಿದ್ದಳು: "ಆತೇನ್ರಿ ಮಾವಾರ?" ಅಜ್ಜ ಉತ್ತರ ಕೊಡುತ್ತಿರಲಿಲ್ಲ. ಕುಂಚ ಕೆಳಗಿಟ್ಟ ಸಪ್ಪಳವೇ ಉತ್ತರ.

ಯಾರು ಕಣ್ಣು ತೆರೆದರೋ ಕೆಲಸ ಅವರ ಹೆಸರಿನದು. ತಿಂಗಳುಗಟ್ಟಲೆ ಅರೆದವರು, ತಿಕ್ಕಿದವರು, ಬಳಿದವರು ಲೆಕ್ಕಕ್ಕಿಲ್ಲ. ಕಳಕಪ್ಪನ ಗರುಡ, ಗ್ಯಾನಪ್ಪನ ಗೌರಿ ಎಂದು ಊರು ಹೇಳುತ್ತಿತ್ತು. ಒಂದೇ ಒಂದು ಕೆಲಸ, ಮೊದಲಿನಿಂದ ಕಡೆಯವರೆಗೆ ತನ್ನ ಕೈಯಿಂದಲೇ ಆಗಿ, ತನ್ನ ಹೆಸರಿನಿಂದ ಹೊಸ್ತಿಲು ದಾಟಬೇಕು ಎನ್ನುವುದು ದೊಡ್ಡವ್ವನ ಆಸೆ. ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ್ದರೆ ನಮ್ಮ ಅಜ್ಜಿ ಮಾಳವ್ವ ಒಲೆಯ ಮುಂದೆ ಕೂತೇ ನಾಲ್ಕು ಓಣಿಗೆ ಕೇಳುವಂತೆ ನಗುತ್ತಿದ್ದಳು.

ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಕೊಪ್ಪಳದಿಂದ ಯಮನೂರಸಾಬ ಬಂದ. ಆಗ ನಮ್ಮದು ನಿಜಾಮರ ರಾಜ್ಯ, ಕೊಪ್ಪಳ ಜಾಗೀರು. ಅಲ್ಲಿನ ಸರಕಾರಿ ಬಂಗಲೆಯಲ್ಲಿ ಒಬ್ಬ ಅಧಿಕಾರಿ ಇದ್ದರು, ಯಮನೂರಸಾಬ ಅವರ ಜವಾನ. ಬಂಗಲೆಯ ಒಳಕೋಣೆಯ ಗೋಡೆಗೆ ಒಂದು ಪರದೇಶದ ಚಿತ್ರವಿತ್ತು. ಯಾವ ಕಾಲದಲ್ಲಿ ಯಾರು ತಂದು ಹಾಕಿದ್ದರೋ, ಬಂಗಲೆಯ ಜೊತೆಗೇ ಇತ್ತು. ಅಧಿಕಾರಿಯ ಹೆಂಡತಿ ಮೆಹರುನಬಿಗೆ ಆ ಚಿತ್ರವೆಂದರೆ ಜೀವ. ಗಂಡನಿಗೆ ಬೇಸಿಗೆ ಮುಗಿಯುವುದರೊಳಗೆ ವರ್ಗವಾಗಲಿತ್ತು. ಚಿತ್ರ ಬಂಗಲೆಯದು, ಒಯ್ಯುವಂತಿಲ್ಲ. ಅದರಂತೆಯೇ ಒಂದನ್ನು ಬರೆಸಿಕೊಳ್ಳಬೇಕೆಂದು ಹೈದರಾಬಾದಿನಿಂದ ಬಣ್ಣದ ಪೆಟ್ಟಿಗೆ ತರಿಸಿದ್ದಳು.

"ಅದಕ್ಕೇನ್ ಸಾಬ, ನಾನ ಬರ್ತೀನಿ," ಎಂದ ಅಜ್ಜ.

"ನೀ ಬಂದ್ರ ನಡಿಯಂಗಿಲ್ಲ. ಚಿತ್ರ ಇರೂದು ಜನಾನಾದಾಗ. ಗಂಡಸ್ರು ಒಳಗ ಕಾಲಿಡಂಗಿಲ್ಲ. ಗ್ವಾಡಿಯಿಂದ ತಗದ್ರ ಬಣ್ಣ ಪುಡಿಪುಡಿ ಉದುರ್ತಾವು. ಹೆಣ್ಮಕ್ಕಳು ಬೇಕು."

"ನಮ್ಮ ಮನ್ಯಾಗ ಹೆಣ್ಮಕ್ಕಳು ಚಿತ್ರ ಮುಗಸಂಗಿಲ್ಲ."

ಯಮನೂರಸಾಬ ಏಳಲಿಕ್ಕೆ ಹೊರಟಿದ್ದ. ಅಜ್ಜ ಏನೋ ನೆನಪಾದವನಂತೆ ಕೇಳಿದ: "ಏನೇನೈತಿ ಅದರಾಗ?"

"ಗಿಡ ಐತಿ, ಹೊಳಿ ಐತಿ, ಗುಡ್ಡ ಐತಿ. ದೂರದಾಗ ಇಬ್ರು ಹೊಂಟಾರ, ಬೆನ್ನ ಕಾಣ್ತಾವು."

"ಕಣ್ಣು?"

"ಒಂದೂ ಇಲ್ಲ."

ಅಜ್ಜನಿಗೆ ನಗು ಬಂತು. "ಕಣ್ಣಿಲ್ಲದ್ದು ಎಂಥಾ ಚಿತ್ರ ಮಾರಾಯ. ಅದು ಬಣ್ಣ ಬಳಿಯೂ ಕೆಲಸ. ಹುಲಿಗವ್ವ ಬರ್ತಾಳ, ಕರಕೊಂಡು ಹೋಗು."

ಒಳಗೆ ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವನಿಗೆ ಈ ಮಾತು ಕೇಳಿಸಿತು. ಅಜ್ಜ ಚಿತ್ರವನ್ನು ಹೀಯಾಳಿಸಿ ಕೊಟ್ಟ ಅಪ್ಪಣೆ ಅದು. ಅವಳಿಗೆ ಅದರ ಅರ್ಥ ಬೇರೆಯೇ ಹೊಳೆಯಿತು. ಕಣ್ಣಿಲ್ಲದ ಚಿತ್ರವೆಂದರೆ ಕಡೆಯ ಹೊತ್ತಿಗೆ ಕೈಯಿಂದ ಕುಂಚ ಕಿತ್ತುಕೊಳ್ಳುವವರಿಲ್ಲದ ಚಿತ್ರ. ಆ ಹೊತ್ತಿನ ರೊಟ್ಟಿ ಒಂದೂ ದುಂಡಗೆ ಬರಲಿಲ್ಲವಂತೆ.

ಕೊಪ್ಪಳದ ಕೋಟೆಯ ಬದಿಗೆ ಅವಳ ಅಕ್ಕ ಶಾಂತಕ್ಕನ ಮನೆ ಇತ್ತು. ಅಲ್ಲಿ ಉಳಿದುಕೊಂಡು ದಿನಾ ಬಂಗಲೆಗೆ ಹೋಗುವುದೆಂದಾಯಿತು. ಬರೆಯಲಿಕ್ಕೆ ಬಟ್ಟೆ ಬೇಡವೆಂದು ಮನೆಯಿಂದಲೇ ಹಗುರ ಮರದ ದೊಡ್ಡ ಹಲಗೆ ಒಯ್ದಳು. ಅದಕ್ಕೆ ಹುಣಸೆ ಬೀಜದ ಅಂಟು, ಬಿಳಿಕಲ್ಲಿನ ಹಿಟ್ಟು ಬಳಿದು ತಿಕ್ಕಿ ತಂದಿದ್ದಳು. ಆ ಹಲಗೆಯ ಮೇಲೆ ಕೈಯಾಡಿಸಿ ಮೆಹರುನಬಿ, "ಇದರ ಮ್ಯಾಲ ಬಣ್ಣ ಹಚ್ಚೂದ ಬ್ಯಾಡ ಅನಸ್ತೈತಿ ನೋಡವಾ," ಎಂದಳು. ಮೆಹರುನಬಿ ಗಂಗಾವತಿಯ ಹೆಣ್ಣುಮಗಳು, ಮನೆಯೊಳಗೆ ಉರ್ದು, ಹೊರಗಿನವರ ಸಂಗಡ ನಮ್ಮದೇ ಮಾತು.

ದೊಡ್ಡವ್ವ ಮೊದಲ ದಿನ ಚಿತ್ರದ ಮುಂದೆ ಸುಮ್ಮನೆ ನಿಂತಳು. ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ. ಮಸಿ ಹಿಡಿದ ಚೌಕಟ್ಟಿನೊಳಗೆ ಒಂದು ಸಂಜೆ ಆಗುತ್ತಿತ್ತು.

"ಇಷ್ಟ್ಯಾಕ ಇದರ ಮ್ಯಾಲ ಆಸೆ, ಬೀಬಿಯವ್ರ?" ಎಂದು ಕೇಳಿದಳು.

"ನಾ ಈ ಬಂಗಲೆಯಿಂದ ಹೊರಗ ಹೋಗೂದು ಎಲ್ಲೈತಿ ಹುಲಿಗವ್ವಾ? ತಿರುಗಾಡೂದೆಲ್ಲ ಈ ಚಿತ್ರದಾಗ. ಆ ಸೇತುವಿ ಮಟ ಹೋಗಿ ಬರ್ತೀನಿ."

ಆ ಮಾತಿನಿಂದ ಇಬ್ಬರಿಗೂ ಸ್ನೇಹವಾಯಿತು. ಪೆಟ್ಟಿಗೆಯಲ್ಲಿ ತವರದ ಕೊಳವೆಗಳೊಳಗೆ ಬಣ್ಣ, ಗಟ್ಟಿ ಕೂದಲಿನ ಕುಂಚಗಳು, ಒಂದು ಸಣ್ಣ ಶೀಸೆ ಎಣ್ಣೆ ಇದ್ದವು. ಕಲಿಸುವವರು ಯಾರೂ ಇರಲಿಲ್ಲ. ಚಿತ್ರವೇ ಮಾಸ್ತರ.

ಮೊದಲನೆಯ ಪ್ರಯತ್ನ ಹೇಗಾಯಿತೆಂದು ದೊಡ್ಡವ್ವ ತಾನೇ ನಕ್ಕು ಹೇಳುತ್ತಿದ್ದಳು. ಕಿನ್ನಾಳದ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು. ಗಿಡಕ್ಕೆ ಹಸಿರು ತುಂಬಿತು, ಗುಡ್ಡಕ್ಕೆ ನೀಲಿ ತುಂಬಿತು, ಆಮೇಲೆ ಎಲ್ಲದಕ್ಕೂ ಸುತ್ತ ಕರಿ ಗೆರೆ ಎಳೆಯಿತು. ಎಲೆ ಎಲೆಗೆ ಗೆರೆ, ಮೋಡಕ್ಕೆ ಗೆರೆ, ನೀರಿನ ತೆರೆಗೂ ಗೆರೆ. ಮೆಹರುನಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಭಾಳ ಚಂದ ಐತಿ. ಆದ್ರ ತೊಟ್ಟಿಲಾ ಆತು. ಇದರಾಗ ಕೂಸಿನ್ನ ಹಾಕಬೇಕು ಅಷ್ಟ."

ದೊಡ್ಡವ್ವನಿಗೆ ಅವಮಾನವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕನ ಮನೆಗೆ ಹೋಗಿ ಊಟ ಬಿಟ್ಟಳು. ಮರುದಿನ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಗೆರೆ ಹುಡುಕಿದಳು. ಒಂದೂ ಸಿಗಲಿಲ್ಲ. ಗಿಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಬೊಟ್ಟು ಇಟ್ಟು ತೋರಿಸಲಿಕ್ಕೆ ಬಾರದು. ಒಂದು ಬಣ್ಣ ಇನ್ನೊಂದರ ಮನೆಗೆ ಹೇಳದೆ ಕೇಳದೆ ಹೊಕ್ಕಿತ್ತು. ಆ ವಾರ ಮನೆಗೆ ಬರುವಾಗ ಚಕ್ಕಡಿಯ ಹಿಂದೆ ಕೂತು ಕೊಪ್ಪಳದ ಗುಡ್ಡದ ಅಂಚಿಗೆ ಗೆರೆ ಇದೆಯೇ ಎಂದು ನೋಡುತ್ತ ಬಂದಳು. ಅಲ್ಲಿಯೂ ಇರಲಿಲ್ಲ. ಹತ್ತಿರದ ಗುಡ್ಡ ಕಂದು, ಅದರ ಹಿಂದಿನದು ಬೂದಿ, ಎಲ್ಲಕ್ಕೂ ಹಿಂದಿನದು ನೀಲಿ. ಹುಟ್ಟಿದಾಗಿನಿಂದ ನೋಡಿದ್ದ ಗುಡ್ಡಗಳು ಆ ಪರದೇಶದವನ ಮಾತನ್ನೇ ಹೇಳುತ್ತಿದ್ದವು. ಚಕ್ಕಡಿ ಹೊಡೆಯುತ್ತಿದ್ದ ದೊಡ್ಡಪ್ಪನಿಗೆ, "ನೋಡ್ರಿ, ಗೆರಿ ಇಲ್ಲ," ಎಂದಳಂತೆ. ದೊಡ್ಡಪ್ಪ ಎತ್ತಿನ ಬೆನ್ನು ನೋಡಿ, "ಯಾವುದರ ಮ್ಯಾಲ?" ಎಂದನಂತೆ.

ಗೆರೆ ಬಿಟ್ಟದ್ದಾಯಿತು, ಎಣ್ಣೆಯ ಪಜೀತಿ ಶುರುವಾಯಿತು. ನೀರಿನಲ್ಲಿ ಬಣ್ಣ ಕಲಸಿದ ಕೈ, ಎಣ್ಣೆಯನ್ನೂ ನೀರಿನಂತೆ ಸುರಿಯಿತು. ಶೀಸೆ ಬೇಗ ಬರಿದಾಯಿತು. ಎಣ್ಣೆಬಣ್ಣಕ್ಕೆ ಎಣ್ಣೆ ತಾನೇ ಎಂದು ಶಾಂತಕ್ಕನ ಮನೆಯ ಶೇಂಗಾ ಎಣ್ಣೆ ಒಯ್ದು ಕಲಸಿ ಆಕಾಶಕ್ಕೆ ಬಳಿದಳು. ಆ ಆಕಾಶ ಒಣಗಲೇ ಇಲ್ಲ. ಬಿಸಿಲಿಗೆ ಇಟ್ಟರೂ ಇಲ್ಲ, ನೆರಳಿಗೆ ಇಟ್ಟರೂ ಇಲ್ಲ. ಗಾಳಿಗೆ ಹಾರಿ ಬಂದ ಜೋಳದ ಹೊಟ್ಟು ಅಂಟಿತು, ಇರುವೆಗಳು ಸಾಲು ಹಚ್ಚಿದವು. ಪರದೇಶದ ಆಕಾಶ ನಮ್ಮ ಕಣದಂತಾಯಿತು. ಎಲ್ಲ ಕೆರೆದು ತೆಗೆದು, ಬಟ್ಟೆಯ ಗಂಟು ಹಿಡಿದು ಊರಿಗೆ ಬಂದಳು.

ಮನೆಯಲ್ಲಿ ಮಾಳವ್ವಜ್ಜಿ ಅಗಸಿ ಎಣ್ಣೆಯ ಗಡಿಗೆಯ ಜೊತೆ ಜಗಳಕ್ಕೆ ನಿಂತಿದ್ದಳು. "ಸುಡಗಾಡು ಎಣ್ಣಿ. ಬಾಯಿ ಬಿಟ್ಟಿಟ್ರ ಸಾಕು ಕೆನಿ ಕಟ್ಟಿಕೊಂಡು ಕುಂದ್ರತೈತಿ. ಮುಚ್ಚಳಾ ಗಡಿಗಿಗೆ ಮದಿವಿ ಆದಂಗ ಹತ್ತಿಬಿಟ್ಟೈತಿ."

ದೊಡ್ಡವ್ವ ಕೈಯಲ್ಲಿದ್ದ ಗಂಟು ಹಾಗೇ ಕೆಳಗಿಟ್ಟು ಗಡಿಗೆಯ ಬಾಯಿ ಮುಟ್ಟಿ ನೋಡಿದಳು. ಸುರಿದಿದ್ದ ಎಣ್ಣೆ ಒಣಗಿ ಅರಗಿನಂತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ.

"ಅತ್ತಿ, ಈ ಎಣ್ಣಿ ನನಗ ಕೊಡ್ರಿ."

"ಎಲ್ಲಾ ಒಯ್ದರ ಚಟ್ನಿಗೆ ಏನ್ ಹಾಕಲಿ?"

"ನಾಕು ದಿನಾ ಒಣ ಚಟ್ನಿ ತಿನ್ರಿ."

ಸೊಸೆ ಎದುರು ಮಾತಾಡಿದ್ದು ಅದೇ ಮೊದಲು. ಅಜ್ಜಿ ಬೆರಗಾಗಿ ಗಡಿಗೆಯನ್ನೇ ಕೊಟ್ಟುಬಿಟ್ಟಳು. ಆಮೇಲೆ ವರ್ಷಗಟ್ಟಲೆ, ಆ ಚಿತ್ರದಲ್ಲಿ ಅರ್ಧ ಪಾಲು ನನ್ನದು ಎನ್ನುತ್ತಿದ್ದಳು.

ಅಗಸಿ ಎಣ್ಣೆಯಲ್ಲಿ ಬಣ್ಣ ಮಾತು ಕೇಳಿತು. ಒಂದೆರಡು ದಿನಕ್ಕೆ ಬಿಗಿಯುತ್ತಿತ್ತು, ಅದರ ಮೇಲೆ ಇನ್ನೊಂದು ಪದರ ಹಚ್ಚಬಹುದಾಗಿತ್ತು. ಹೀಗೆ ಪದರ ಹಚ್ಚುತ್ತ ಹಚ್ಚುತ್ತ ದೊಡ್ಡವ್ವ ಆ ಹಳೆಯ ಚಿತ್ರಕಾರನ ಗುಟ್ಟು ಹಿಡಿದಳು. ನಾವು ಬಿಳಿಯಿಂದ ಶುರು ಮಾಡುತ್ತೇವೆ, ಅವನು ಕತ್ತಲಿನಿಂದ ಶುರು ಮಾಡಿದ್ದ. ಮೊದಲು ಹಲಗೆ ತುಂಬ ಕಂದು ಬಳಿಯಬೇಕು. ಆ ಕಂದಿನಿಂದ ಗಿಡ, ಹೊಳೆ, ಗುಡ್ಡ ಒಂದೊಂದಾಗಿ ಹೊರಗೆ ಬರಬೇಕು. ಬೆಳಕು ಎಲ್ಲಕ್ಕೂ ಕಡೆಗೆ. ತನ್ನ ಕೈಯಿಂದ ಹೊಳೆಯ ನೀರಿನ ಮೇಲೆ ಕಡೆಯ ಬೆಳಕಿನ ಗೀರು ಬಿದ್ದು, ಇಡೀ ಹಲಗೆ ಒಮ್ಮೆಲೇ ಸಂಜೆಯಾದಾಗ ದೊಡ್ಡವ್ವ ಕುಂಚ ಹಿಡಿದುಕೊಂಡೇ ಅತ್ತುಬಿಟ್ಟಳು. ಸಂತೋಷಕ್ಕೆ ಅತ್ತದ್ದು. ಮೆಹರುನಬಿ ಅವಳ ಕೈಗೆ ಶರಬತ್ತು ಕೊಟ್ಟು, "ಮುಗೀತೇನವಾ?" ಎಂದಳು. ಮುಗೀತ್ರಿ ಎಂದಳು ದೊಡ್ಡವ್ವ. ಆ ಮಾತನ್ನು ಅವಳು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲ ಸಲ.

ಮುಗಿದಿರಲಿಲ್ಲ. ಮರುದಿನ ಬಂಗಲೆಯಲ್ಲಿ ಸಾಮಾನು ಕಟ್ಟುವ ಕೆಲಸ ಶುರುವಾಯಿತು. ಒಳಕೋಣೆಯ ಪರದೆಗಳನ್ನು ಒಗೆಯಲಿಕ್ಕೆ ಇಳಿಸಿದರು. ವರ್ಷಗಳಿಂದ ಬಿಸಿಲು ಕಾಣದ ಗೋಡೆಗೆ ಬೆಳಗಿನ ಬಿಸಿಲು ನೇರ ಬಿತ್ತು. ಬಣ್ಣದ ಪೆಟ್ಟಿಗೆ ಒಪ್ಪಿಸಿ ಹೋಗಲಿಕ್ಕೆ ಬಂದ ದೊಡ್ಡವ್ವ ಹಳೆಯ ಚಿತ್ರದ ಕೆಳಗಿನ ಮೂಲೆ ನೋಡಿ ನಿಂತಲ್ಲೇ ನಿಂತಳು.

ಗಿಡದ ಬುಡದ ಕತ್ತಲಲ್ಲಿ, ನೀರಿನ ಅಂಚಿಗೆ, ಒಂದು ದುಂಡನೆಯ ಕರಿ ಆಕಾರವಿತ್ತು. ಅದು ಬಂಡೆ ಎನ್ನುವುದರಲ್ಲಿ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ. ಕೊಪ್ಪಳ ಸೀಮೆಯಲ್ಲಿ ಹುಟ್ಟಿದವರಿಗೆ ಹೊಳೆಯ ದಂಡೆಗೆ ದುಂಡಗೆ ಕರ್ರಗೆ ಕೂತದ್ದು ಬಂಡೆಯಲ್ಲದೆ ಇನ್ನೇನು? ಎಲ್ಲಿ ನೋಡಿದರೂ ಅವೇ ಇರುವ ಊರು ನಮ್ಮದು. ಬಹಳ ಅಕ್ಕರೆಯಿಂದ, ಬಿರುಕು, ಪಾಚಿ ಎಲ್ಲ ಸೇರಿಸಿ, ತನ್ನ ಹಲಗೆಯ ಮೇಲೂ ನಮ್ಮ ಕಡೆಯ ಒಳ್ಳೆಯ ಬಂಡೆಯೊಂದನ್ನು ಕೂಡಿಸಿದ್ದಳು. ಈಗ ಬಿಸಿಲಿಗೆ ಆ ಬಂಡೆಗೆ ಕಿವಿ ಮೂಡಿದ್ದವು. ಕಿವಿಯ ಕೆಳಗೆ ಹಣೆ, ಹಣೆಯ ಕೆಳಗೆ ಒಂದು ಕಣ್ಣು, ಇನ್ನೊಂದು ಕತ್ತಲಿನೊಳಗೇ.

"ಬೀಬಿಯವ್ರ," ಎಂದು ಕರೆದಳು. "ಈ ಕಲ್ಲು ನೋಡಾಕ ಹತ್ತೇತಿ."

ಮೆಹರುನಬಿ ಓಡಿ ಬಂದಳು. ಒಂದು ಆಕಳು, ನೀರು ಕುಡಿಯಲಿಕ್ಕೆ ಇಳಿದದ್ದು, ತಲೆ ಎತ್ತಿ ನೇರ ಇವರತ್ತಲೇ ನೋಡುತ್ತಿತ್ತು. ಮೆಹರುನಬಿ ಚಿತ್ರದ ಹತ್ತಿರ ಬಗ್ಗಿ ನೋಡಿದಳು. "ಇಷ್ಟು ವರ್ಷ ನನ್ನನ್ನ ನೋಡಕೋತ ನಿಂತಿತ್ತಲ್ಲವಾ ಇದು," ಎಂದಳು. ಆಮೇಲೆ ದೊಡ್ಡವ್ವನ ಮುಖ ನೋಡಿ, "ಇರಲಿ ಬಿಡು. ನಿನ್ನ ಕಲ್ಲೂ ಛಲೋ ಐತಿ. ನನಗ ಸಾಕು," ಎಂದು ಸಮಾಧಾನ ಹೇಳಿದಳು.

ನಾನಾಗಿದ್ದರೆ ಕಲ್ಲನ್ನು ಹಾಗೇ ಉಳಿಸಿ ಚಕ್ಕಡಿ ಹತ್ತುತ್ತಿದ್ದೆ. ಬಂಡೆ ಉಳಿದರೆ ಚಿತ್ರ ಅವಳದು, ಪೂರ್ತಿ ಅವಳದು. ಆಕಳು ಬಂದರೆ ಕಣ್ಣು ಬರುತ್ತದೆ. ಕಣ್ಣು ಬಂದರೆ ಮಾವ ಬರಬೇಕು, ಮಾವ ಬಂದರೆ ಅದು ಕಳಕಪ್ಪನ ಚಿತ್ರ. ಗುಟ್ಟಾಗಿ ತಾನೇ ಕಣ್ಣು ಬರೆದು ಕೊಟ್ಟರೆ ಕೇಳುವವರು ಯಾರಿದ್ದರು? ಅದೂ ಅವಳಿಗೆ ಹೊಳೆದಿತ್ತು. ಕೈ ಏಳಲಿಲ್ಲ. ಕನ್ನಡಿ ಇಲ್ಲದೆ ತೆರೆದ ಕಣ್ಣನ್ನು ಮೆಹರುನಬಿಯ ಮನೆಗೆ ಕಳಿಸಲಿಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಕಲ್ಲನ್ನು ಹಾಗೇ ಉಳಿಸಲಿಕ್ಕೂ ಒಪ್ಪಲಿಲ್ಲ. ಕಂಡದ್ದನ್ನು ಕಾಣಲಿಲ್ಲ ಎನ್ನುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದಳು.

ಚಾಕು ತೆಗೆದುಕೊಂಡು ಬಂಡೆಯನ್ನು ಕೆರೆದು ಹಾಕಿದಳು. ಆ ಜಾಗಕ್ಕೆ ಮತ್ತೆ ಕತ್ತಲು ಬಳಿದು, ಕತ್ತಲಿನಿಂದ ಕಿವಿ, ಹಣೆ, ಒದ್ದೆ ಮೂಗು ಹೊರಗೆ ತಂದಳು. ಕಣ್ಣಿನ ಜಾಗ ಖಾಲಿ ಬಿಟ್ಟಳು. ಬಣ್ಣ ಬಿಗಿದ ಮೇಲೆ ಯಮನೂರಸಾಬನ ಕೈಯಲ್ಲಿ ಕಿನ್ನಾಳಕ್ಕೆ ಮಾತು ಹೇಳಿ ಕಳಿಸಿದಳು: "ಚಿತ್ರಕ್ಕ ಕಣ್ಣು ಐತ್ರಿ. ಮಾವಾರು ಬರಬೇಕು."

ಅಜ್ಜ ಮರುದಿನ ಬೆಳಿಗ್ಗೆಯೇ ಬಂದ. ಮೈ ತೊಳೆದು, ಉಪವಾಸವಿದ್ದು, ಹೊಸ ಕುಂಚ ಕಟ್ಟಿಕೊಂಡು, ಕನ್ನಡಿಯನ್ನು ಧೋತರದಲ್ಲಿ ಸುತ್ತಿಕೊಂಡು ಬಂದಿದ್ದ. ಗರುಡನಾದರೇನು, ಯಾವುದೋ ದೇಶದ ಆಕಳಾದರೇನು, ಅವನಿಗೆ ಕಣ್ಣು ಕಣ್ಣೇ. ಹಲಗೆಯನ್ನು ಹೊರಗಿನ ಪಡಸಾಲೆಗೆ ತಂದು ಗೋಡೆಗೆ ಆನಿಸಿದ್ದರು. ಬಾಗಿಲಿಗೆ ಇಳಿಬಿಟ್ಟ ಬಿದಿರುಕಡ್ಡಿಯ ಚಿಕ್ಕಿನ ಪರದೆಯ ಹಿಂದೆ ಮೆಹರುನಬಿ ಕೂತಿದ್ದಳು.

ಅಜ್ಜ ಹಲಗೆಯನ್ನು ನೋಡಿದ. ಹಿಂದಕ್ಕೆ ಸರಿದು ನೋಡಿದ, ಹತ್ತಿರ ಬಂದು ನೋಡಿದ, ಮತ್ತೆ ಹಿಂದಕ್ಕೆ ಸರಿದ. ಬಣ್ಣ ಬಳಿಯುವ ಕೆಲಸವೆಂದು ತಾನೇ ಕಳಿಸಿದ ಹಲಗೆ ಅದು.

"ಗೆರಿ ಎಲ್ಲಿಗೆ ಹೋದವು?" ಎಂದ.

"ಇರಲೇ ಇಲ್ರಿ ಮಾವಾರ."

ಅಜ್ಜ ಹೂಂಗುಟ್ಟಿ ಕೂತ. ದೊಡ್ಡವ್ವ ಎಂದಿನಂತೆ ಕನ್ನಡಿ ಎತ್ತಿಕೊಂಡು ಮುಖ ತಿರುಗಿಸಿದಳು. ಅಜ್ಜ ಅಂಟಿನ ನೀರಿನಲ್ಲಿ ಕಾಡಿಗೆಯ ಕರಿ ಕಲಸಿ, ಉಸಿರು ಹಿಡಿದು, ಖಾಲಿ ಜಾಗಕ್ಕೆ ಒಂದು ಹನಿ ಇಟ್ಟ. ಹನಿ ನಿಲ್ಲಲಿಲ್ಲ. ಎಣ್ಣೆಯ ಮೇಲೆ ನೀರು ನಿಲ್ಲುವುದೆಲ್ಲಿ? ಗುಂಡಗಾಗಿ, ಕೆನ್ನೆಯ ಮೇಲಿಂದ ಜಾರಿ ಮೂಗಿಗೆ ಬಂತು. ಧೋತರದ ಚುಂಗಿನಿಂದ ಒರೆಸಿ ಮತ್ತೆ ಇಟ್ಟ. ಮತ್ತೆ ಜಾರಿತು. ನೋಡಿದವರಿಗೆ ಆಕಳು ಅಳುತ್ತಿರುವಂತೆ ಕಾಣುತ್ತಿತ್ತು ಎಂದು ಯಮನೂರಸಾಬ ಆಮೇಲೆ ಹೇಳಿದ. ಇದು ಹೀಗಾಗುತ್ತದೆಂದು ದೊಡ್ಡವ್ವನಿಗೆ ಮೊದಲೇ ಗೊತ್ತಿತ್ತೇ? ನಾನು ಎಷ್ಟು ಸಲ ಕೇಳಿದರೂ ಎಲೆ ಅಡಿಕೆಯ ಚೀಲ ಹುಡುಕುತ್ತಿದ್ದಳು.

"ನಿನ್ನ ಬಣ್ಣ ಕೊಡು," ಎಂದ ಅಜ್ಜ. ಅಗಸಿ ಎಣ್ಣೆಯ ಬಣ್ಣಕ್ಕೆ ಅದ್ದಿದ ಕೂಡಲೇ ಅಳಿಲು ಕೂದಲಿನ ಕುಂಚ ಮುದ್ದೆಗಟ್ಟಿತು. ಹಲಗೆಯವರೆಗೆ ಒಯ್ದು, ಮುಟ್ಟಿಸದೆ ಹಿಂದಕ್ಕೆ ತೆಗೆದ. ಗುಡಿಗುಡಿಗೆ ದೇವರು ಕೊಟ್ಟ ಮನುಷ್ಯ, ಕೈ ಸುಳ್ಳು ಹೇಳುವ ಹೊತ್ತು ಅವನಿಗೆ ಗೊತ್ತಾಗುತ್ತಿತ್ತು.

"ಇದು ನನ್ನ ಮಾತು ಕೇಳೂದಿಲ್ಲ. ಹೊಳ್ಳಿ ಕಲ್ಲು ಮಾಡಿಬಿಡು, ಹುಲಿಗವ್ವ."

ದೊಡ್ಡವ್ವ ಕನ್ನಡಿ ಇಳಿಸಿದಳು.

"ಅದು ಕಲ್ಲಲ್ರಿ ಮಾವಾರ. ಆಕಳ ಐತಿ, ನಾ ಕಣ್ಣಾರೆ ನೋಡೇನಿ. ಅದರ ಕಣ್ಣು ನಾನ ತೆರಿತೀನ್ರಿ."

ಅಜ್ಜ ಸೊಸೆಯನ್ನು ನೋಡಿದ, ಹಲಗೆಯನ್ನು ನೋಡಿದ. ಆ ಹೊಳೆಯ ಮೇಲಿನ ಬೆಳಕನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಕುಂಚ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಚಾಚಿದ.

"ಕನ್ನಡಿ ತಾ ಇಲ್ಲಿ."

ದೊಡ್ಡವ್ವ ಕೊಟ್ಟಳು. ಅಜ್ಜ ಅದನ್ನು ಹಲಗೆಯ ಎದುರು ಎತ್ತಿ ಹಿಡಿದ. ಜೀವಮಾನದಲ್ಲಿ ಹಿಡಿದಿರಲಿಲ್ಲವಲ್ಲ, ಸೊಟ್ಟಗೆ ಹಿಡಿದಿದ್ದ. ದೊಡ್ಡವ್ವ ಅವನ ಮೊಣಕೈ ಮುಟ್ಟಿ ನೆಟ್ಟಗೆ ಮಾಡಿದಳು. ಅಜ್ಜ ರುಮಾಲಿನ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಅವಳು ಅವಸರ ಮಾಡಲಿಲ್ಲ. ಕಂದು ಹಚ್ಚಿದಳು, ಕಂದಿನೊಳಗೆ ಕಪ್ಪು ಸೇರಿಸಿದಳು. ಕುಂಚದ ತುದಿಯನ್ನು ಸೀರೆಯ ಸೆರಗಿಗೆ ಒರೆಸಿ ಮೊನೆ ಮಾಡಿಕೊಂಡಳು. ಹಳೆಯ ಚಿತ್ರದ ಆ ಕಣ್ಣನ್ನು ನೋಡಿ ಬರಲಿಕ್ಕೆ ಒಮ್ಮೆ ಒಳಗೆ ಹೋಗಿ ಬಂದಳು. ಅಜ್ಜನ ರಟ್ಟೆ ಸೋಲುತ್ತ ಬಂತು, ಕನ್ನಡಿ ಅಲುಗಾಡಲಿಕ್ಕೆ ಹತ್ತಿತು. ಗೋಡೆಯನ್ನು ನೋಡುತ್ತಲೇ ಕೇಳಿದ:

"ಆತೇನವಾ?"

ದೊಡ್ಡವ್ವ ಉತ್ತರ ಕೊಡಲಿಲ್ಲ. ಬಿಳಿಯ ಸಣ್ಣ ಚುಕ್ಕೆಯೊಂದನ್ನು ಇಟ್ಟಳು, ಕನ್ನಡಿಯೊಳಗಿಂದ ಆಕಳು ಅವಳನ್ನು ನೋಡಿತು. ಎಷ್ಟೋ ದೇವರು ತನ್ನ ಬೆನ್ನ ಹಿಂದೆ ಕಣ್ಣು ತೆರೆದಿದ್ದವು, ಇದೊಂದು ತನ್ನ ಕಣ್ಣೆದುರಿಗೆ ತೆರೆಯಿತು ಎಂದು ಆಕೆ ಪ್ರತಿ ಸಲವೂ ಹೇಳುತ್ತಿದ್ದಳು, ಪ್ರತಿ ಸಲವೂ ಮುಖ ಬೆಳಗುತ್ತಿತ್ತು. ಅವಳು ಕುಂಚ ಕೆಳಗಿಟ್ಟಳು. ಆ ಸಪ್ಪಳ ಕೇಳಿ ಅಜ್ಜ ಕನ್ನಡಿ ಇಳಿಸಿದ.

ಮೆಹರುನಬಿ ಆ ಹಲಗೆಯನ್ನು ತನ್ನ ಮದುವೆಯ ಶಾಲಿನಲ್ಲಿ ಸುತ್ತಿಸಿಕೊಂಡು ಒಯ್ದಳು. ಬಣ್ಣದ ಪೆಟ್ಟಿಗೆಯನ್ನು ದೊಡ್ಡವ್ವನಿಗೇ ಬಿಟ್ಟಳು. ಮುಂದೆ ನಲವತ್ತರ ದಶಕದ ತುಂಬ ನಮ್ಮ ಮನೆಯಿಂದ ಹೋದ ದೇವರುಗಳಲ್ಲಿ ಎಷ್ಟರ ಕಣ್ಣು ಯಾರು ತೆರೆದರೆಂದು ಹೇಳುತ್ತ ಕೂತರೆ ನಮ್ಮ ದೊಡ್ಡಪ್ಪನಿಗೆ ಬೇಸರವಾದೀತು, ಅದನ್ನು ಬಿಡುತ್ತೇನೆ. ಆ ಸಂಜೆಯದು ಒಂದು ಮಾತು ಉಳಿದಿದೆ.

ಮಾವ ಸೊಸೆ ಚಕ್ಕಡಿಯಿಂದ ಇಳಿದಾಗ ಮಾಳವ್ವಜ್ಜಿ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರನ್ನು ಕೂಡಿಸಿಕೊಂಡು ಕೂತಿದ್ದಳು. ಗಂಡ ಕಣ್ಣು ತೆರೆಯಲಿಕ್ಕೆ ಬಂಗಲೆಗೆ ಹೋಗಿದ್ದಾನೆಂದು ಓಣಿಗೆಲ್ಲ ಸಾರಿ ಆಗಿತ್ತು.

"ಬಂದಾನ ನೋಡ್ರಿ," ಎಂದಳು ಹೆಂಗಸರಿಗೆ. "ಇನ್ನ ಕೊಪ್ಪಳದ ಬಂಗಲೆದಾಗೂ ಕಳಕಪ್ಪನ ಚಿತ್ರ ಅಂತಾರ."

ಅಜ್ಜ ಕನ್ನಡಿಯನ್ನು ಧೋತರದಿಂದ ಬಿಚ್ಚಿ ಗೂಟಕ್ಕೆ ತೂಗುಹಾಕಿದ. ಸೋತ ರಟ್ಟೆ ನೀವಿಕೊಳ್ಳುತ್ತ, ಕಟ್ಟೆಯ ಮೇಲಿನವರಿಗೆಲ್ಲ ಕೇಳುವಂತೆ ಹೇಳಿದ.

"ಅದು ಹುಲಿಗವ್ವನ ಆಕಳ."